ಚೆನ್ನಾಗಿದ್ದ ನೆಟ್ಟಿನ ಮೇಲೆ ಕೊಟ್ಟ ದೂರು

ನಾನು ಸ್ವಭಾವತಃ ಸುಳ್ಳುಗಾರನಲ್ಲ. ಆದರೂ ಮನೆಯ ಇಂಟರ್ನೆಟ್ ಕೆಟ್ಟಿದೆಯೆಂದು ಮೂರು ಸಲ ಸುಳ್ಳು ದೂರು ಕೊಟ್ಟಿದ್ದೇನೆ. ಮನೆಯಿಂದ ಕೆಲಸ ಮಾಡುವವರೆಲ್ಲ ನೆಟ್ ಹೋಯಿತೆಂದು ಗೋಳಾಡಿದರೆ, ನಾನು ಅದು ಹೋಗಲಿಲ್ಲವಲ್ಲ ಎಂದು ಗೋಳಾಡುತ್ತಿದ್ದೆ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿದ್ದ ನಮ್ಮ ವಿಮಾ ಆಫೀಸನ್ನು ಮುಚ್ಚಿ, ಇನ್ನು ಮನೆಯಲ್ಲೇ ಕೂತು ಅರ್ಜಿ ಪರಿಶೀಲಿಸಿರಿ ಎಂದು ಕಂಪನಿ ಹೇಳಿದಾಗ, ಲುಂಗಿಯಲ್ಲಿ ಕೂತು ಮೇಲಧಿಕಾರಿಗಳಿಗೆ ‘ಯಸ್ ಸರ್’ ಎನ್ನುವ ಸುಖಕ್ಕೆ ಒಂದು ವಾರ ಹಿಗ್ಗಿದೆ. ಎರಡನೆಯ ವಾರ ಕಾಶಿನಾಥ ನೆನಪಾದ. ಹನ್ನೊಂದು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತು, ನನ್ನ ಡಬ್ಬಿಯ ಶೇಂಗಾ ಚಟ್ನಿಯನ್ನು ನನಗಿಂತ ಮೊದಲು ಮುಗಿಸುತ್ತಿದ್ದವನು. ಅವನೀಗ ತನ್ನೂರು ಬಬಲೇಶ್ವರದಿಂದ ಕೆಲಸ ಮಾಡುತ್ತಾನೆ. ಮೀಟಿಂಗಿನಲ್ಲಿ ಎಲ್ಲರೂ ಕ್ಯಾಮೆರಾ ಮುಚ್ಚಿರುವುದರಿಂದ ನನ್ನ ಪಾಲಿಗೆ ಅವನೊಂದು ಕಪ್ಪು ಚೌಕ. ಫೋನು ಮಾಡಬಹುದಿತ್ತಲ್ಲ ಎನ್ನಬೇಡಿ. ಮಾಡಿದರೆ “ಏನ್ ಕೆಲಸಿತ್ತಲೇ?” ಎನ್ನುತ್ತಾನೆ. ಚಟ್ನಿ ಕದಿಯುವವನಿಲ್ಲದೆ ಊಟ ರುಚಿಸುತ್ತಿಲ್ಲ ಎಂದು ಐವತ್ತು ದಾಟಿದ ಗಂಡಸು ಹೇಗೆ ಹೇಳುವುದು?

ಒಮ್ಮೆ ನೆಟ್ ನಿಜವಾಗಿಯೇ ಕೆಟ್ಟಾಗ ರಿಪೇರಿಗೆ ತಿಕೋಟಾದ ಬಸಣ್ಣ ಬಂದ. ಚಹಾ ಕುಡಿಯುತ್ತ, ಬಬಲೇಶ್ವರದ ವೈರುಗಳನ್ನು ನೋಡಿಕೊಳ್ಳುವವನೂ ತಾನೇ ಎಂದ. ನಾನು ಕಾಶಿನಾಥನ ಹೆಸರೆತ್ತಿದೆ. “ಕಾಶಿನಾಥ ಸಾಹೇಬ್ರ? ಹೊಸಾ ಚಸ್ಮಾ ಹಾಕ್ಯಾರ್ರಿ. ಸ್ವಲ್ಪ ಸೊರಗ್ಯಾರ.” ಆ ‘ಸೊರಗ್ಯಾರ’ ಎಂಬ ಮಾತು ನನ್ನನ್ನು ಬಿಡಲಿಲ್ಲ. ಮುಂದಿನ ತಿಂಗಳೇ ಮೊದಲ ಸುಳ್ಳು ದೂರು ಕೊಟ್ಟೆ. ಮೂರನೆಯ ಸಲ ಬಂದ ಬಸಣ್ಣ ವೈರು ಕಿತ್ತು, ನೋಡಿ, ಮತ್ತೆ ಸಿಕ್ಕಿಸಿ, ನನ್ನೆದುರೇ ಕೂತ.

“ಸಾಹೇಬ್ರ, ಖರೇ ಹೇಳ್ರಿ. ಏನ್ ಕೆಟ್ಟೈತಿ?”

ನಾನು ಗೋಡೆ ನೋಡುತ್ತ, “ಕಾಶಿನಾಥ ಹ್ಯಾಂಗದಾನ?” ಎಂದೆ.

ಅವನು ತೊಡೆ ತಟ್ಟಿ ನಕ್ಕ. “ಅವರೂ ಚಲೋ ಇದ್ದ ನೆಟ್ಟಿಗೆ ಕಂಪ್ಲೇಂಟ್ ಕೊಟ್ಟು, ನಿಮ್ಮ ಸುದ್ದೀನ ಕೇಳ್ತಾರ್ರಿ! ನಿಮ್ಮಿಬ್ಬರ ನಡುವ ಅಡ್ಡಾಡಿ ನನ್ನ ಗಾಡಿ ಟೈರ್ ಸವದಾವ. ಒಂದ್ ಬಸ್ ಹತ್ರಿ ಯಪ್ಪಾ!”

ಭಾನುವಾರ ಬಬಲೇಶ್ವರದ ಬಸ್ ಹತ್ತಿದೆ. ಬಾಗಿಲಲ್ಲಿ ನಿಂತಿದ್ದ ಕಾಶಿನಾಥ ನಿಜಕ್ಕೂ ಸೊರಗಿದ್ದ. “ಎಷ್ಟ್ ದಿನಾ ಆತಲೇ” ಎಂದ. ಆಮೇಲೆ ನನ್ನ ಚೀಲ ಕಸಿದು ಚಟ್ನಿ ಡಬ್ಬಿ ಬಿಚ್ಚಿದ. ಅವನ ಹೆಂಡತಿ ಬಿಸಿ ರೊಟ್ಟಿ ಹಾಕುತ್ತಲೇ ಇದ್ದರು. ನಾವು ಹೆಚ್ಚು ಮಾತಾಡಲಿಲ್ಲ. ಆಫೀಸಿನಲ್ಲೂ ಹೆಚ್ಚು ಮಾತಾಡಿದವರಲ್ಲ. ಪಕ್ಕದಲ್ಲಿ ಒಬ್ಬ ಮನುಷ್ಯ ಕೆಮ್ಮುತ್ತ, ಬೆರಳು ನೆಕ್ಕುತ್ತ ಕೂತಿದ್ದಾನೆ ಎಂಬುದೇ ನನಗೆ ಸಾಕಾಗಿತ್ತು.

ಸಂಜೆ ಬಸ್ ಸ್ಟ್ಯಾಂಡಿನವರೆಗೂ ಬಂದು, ನನ್ನ ಕಿಟಕಿಯ ಕೆಳಗೇ ನಿಂತ. ಬಸ್ಸು ಅಲುಗಿತು. ತಲೆ ಹೊರಗೆ ಹಾಕಿ ‘ಮತ್ತ ಬರ್ತೀನಲೇ’ ಎಂದು ಕೂಗಿದ್ದರೆ ಮುಗಿಯುತ್ತಿತ್ತು. ಆದರೆ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿ, ಅದನ್ನೇ ಮೆಸೇಜು ಮಾಡಿ ಕಳಿಸಿತು. ಮೂರಡಿ ದೂರದಲ್ಲಿದ್ದ ಅವನ ಫೋನು ಟಿಣ್ ಎಂದಿತು. ಪಾಪ, ಓದಲು ತಲೆ ಬಗ್ಗಿಸಿದ. ಅಷ್ಟರಲ್ಲಿ ಬಸ್ಸು ತಿರುಗಿತು. ಮುಖ ನೋಡಲೆಂದೇ ಅಷ್ಟು ದೂರ ಹೋದವನು, ಕೊನೆಗೆ ಅವನ ನೆತ್ತಿ ನೋಡಿಕೊಂಡು ಬಂದೆ.