ಬೆನ್ನು ತೆರೆದ ಹೆಡ್‌ಫೋನೂ ಮೂರನೆಯ ಸ್ಯಾಂಪಲ್ಲೂ

ಹೆಡ್‌ಫೋನುಗಳ ಲೋಕದಲ್ಲಿ ‘ಓಪನ್ ಬ್ಯಾಕ್’ ಎನ್ನುವುದು ಉತ್ತಮ ಕುಲದ ಹೆಸರು ಎಂದು ಗೊತ್ತಾಗುವ ಮೊದಲು ನಾನು ಅದನ್ನು ಒಂದು ಕಳಂಕ ಎಂದೇ ತಿಳಿದಿದ್ದೆ. ಇದರಲ್ಲಿ ನನ್ನ ತಪ್ಪಿಲ್ಲ, ನಾನು ಉಣ್ಣುವ ಅನ್ನದ ತಪ್ಪು. ನಾನು ಮೂಡಬಿದಿರೆಯ ಒಂದು ಕೊರಿಯರ್ ಆಫೀಸಿನಲ್ಲಿ ಗುಮಾಸ್ತ. ಜನ ಆನ್‌ಲೈನಿನಲ್ಲಿ ತರಿಸಿ, ಬಿಚ್ಚಿ ನೋಡಿ, ಮೂಗು ಮುರಿದು ಹಿಂದೆ ಕಳಿಸುವ ಸಾಮಾನುಗಳ ಕೌಂಟರು ನನ್ನದು. ನಮ್ಮ ಭಾಷೆಯಲ್ಲಿ ಬಿಚ್ಚಿದ ಡಬ್ಬ ‘ಓಪನ್’, ಹಿಂದೆ ಹೋಗುವ ಡಬ್ಬ ‘ಬ್ಯಾಕ್’. ಒಂದೇ ಡಬ್ಬದ ಮೇಲೆ ಈ ಎರಡೂ ಶಬ್ದಗಳು ಬಿದ್ದವೆಂದರೆ ಅದು ಯಾರೋ ಒಮ್ಮೆ ಮದುವೆಗೆ ಉಟ್ಟು, ಸಾಂಬಾರಿನ ಕಲೆಯ ಮೇಲೆ ಪೌಡರ್ ಹಚ್ಚಿ ಮಡಚಿಟ್ಟ ಸೀರೆ ಎಂದು ಲೆಕ್ಕ.

ಹಾಗಾಗಿ ಪಕ್ಕದ ಕೌಂಟರಿನ ಇಮ್ತಿಯಾಝ್ “ಹಾಡು ಕೇಳ್ಲಿಕ್ಕಾದ್ರೆ ಓಪನ್ ಬ್ಯಾಕ್ ತಕೊ” ಎಂದಾಗ ನನಗೆ ಅವಮಾನವಾಯಿತು. ಯಾರೋ ಕಿವಿಗೆ ಹಾಕಿ ವಾಪಸ್ ಕೊಟ್ಟದ್ದು ನನಗೆ ಬೇಡ, ನಮ್ಮ ಬಡತನ ಇನ್ನೂ ಅಲ್ಲಿಗೆ ಮುಟ್ಟಿಲ್ಲ, ನಾನು ತೆಗೆದುಕೊಂಡರೆ ಹೊಸದನ್ನೇ ತೆಗೆದುಕೊಳ್ಳುವವನು ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಅವನು ನಗುವುದನ್ನು ನಿಲ್ಲಿಸಲು ಹೊರಗೆ ಹೋಗಿ ನೀರು ಕುಡಿದು ಬರಬೇಕಾಯಿತು. ಬಂದು ವಿವರಿಸಿದ. ಸಾಧಾರಣ ಹೆಡ್‌ಫೋನಿನ ಹೊರಮೈ ಮುಚ್ಚಿರುತ್ತದೆಯಂತೆ. ಇದರದ್ದು ಚಹಾ ಸೋಸುವ ಜಾಲರಿಯ ಹಾಗೆ ತೆರೆದೇ ಇರುತ್ತದಂತೆ.

“ಗಾಳಿ ಆಡ್ತದೆ ಮಾರಾಯ. ಹಾಡು ತಲೆಯ ಒಳಗೆ ಗುಂಯ್ ಅನ್ನುದಿಲ್ಲ, ಎದುರು ಕೂತು ಹಾಡಿದ ಹಾಗೆ ಕೇಳ್ತದೆ. ಮತ್ತೆ, ಕಿವಿ ಬೆವರುದಿಲ್ಲ.”

ಏಪ್ರಿಲ್ ತಿಂಗಳಲ್ಲಿ ಮೂಡಬಿದಿರೆಯಲ್ಲಿ ಕೂತ ಮನುಷ್ಯನಿಗೆ ಕೊನೆಯ ಎರಡು ಶಬ್ದ ಧಾರಾಳ ಸಾಕು. ಗಾಳಿ ಆಡುವಲ್ಲಿ ಇನ್ನೇನೇನು ಆಡಬಹುದು ಎಂದು ನಾನು ಕೇಳಲಿಲ್ಲ.

ಕೇಳಬೇಕಿತ್ತು. ಯಾಕೆಂದರೆ ನನಗೆ ಹೆಡ್‌ಫೋನು ಬೇಕಾಗಿದ್ದದ್ದು ಮಾಮಿಯ ದೆಸೆಯಿಂದ. ಮಾಮಿ ಎಂದರೆ ನನ್ನ ಅತ್ತೆ, ಹೆಂಡತಿಯ ತಾಯಿ, ಮೋಹಿನಿ. ಊರು ಮುಂಡಾಜೆ. ಮೊಣಕಾಲಿನ ಚಿಕಿತ್ಸೆಗೆಂದು ಸಿದ್ಧಕಟ್ಟೆಯ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. ಮೊಣಕಾಲು ಹದಿನೈದು ದಿನದಲ್ಲಿ ಸರಿಯಾಯಿತು. ಆದರೆ ಕಂಠಕ್ಕೆ ಮೊದಲಿನಿಂದಲೂ ಯಾವ ರೋಗವೂ ಇರಲಿಲ್ಲ. ಊರಿನ ಭಜನಾ ಮಂಡಳಿಯ ಹಿರಿಯ ಸದಸ್ಯೆಯಾದ ಅವರು ನಮ್ಮ ಅಡುಗೆಮನೆಯನ್ನು ಮಂಡಳಿಯ ಶಾಖೆಯಾಗಿ ಪರಿವರ್ತಿಸಿದ್ದರು. ಶ್ರುತಿಪೆಟ್ಟಿಗೆ ಮುಂಡಾಜೆಯಲ್ಲೇ ಉಳಿದದ್ದರಿಂದ ಗ್ರೈಂಡರಿನಿಂದ ಶ್ರುತಿ ಹಿಡಿಯುತ್ತಿದ್ದರು. ಗ್ರೈಂಡರಿನ ಷಡ್ಜ ಅಕ್ಕಿ ನುಣ್ಣಗಾದ ಹಾಗೆ ಏರುತ್ತಾ ಹೋಗುತ್ತದೆ, ಮಾಮಿಯೂ ಬಿಡದೆ ಏರುತ್ತಿದ್ದರು. ನೀರುದೋಸೆಯ ಹಿಟ್ಟು ಹದಕ್ಕೆ ಬರುವಾಗ ನಮ್ಮ ಮನೆಯ ಹಂಚು ಅದುರುವ ಸ್ಥಿತಿ.

ಇಂತಿಪ್ಪಲ್ಲಿ ನಾನು ಹೆಡ್‌ಫೋನು ತರಿಸಿದೆ. ಒಂದಲ್ಲ, ಎರಡು. ಒಂದು ಕಪ್ಪು, ಒಂದು ಬೂದು, ಬೇರೆ ಬೇರೆ ಕಂಪನಿಯದ್ದು. ಎರಡನ್ನೂ ಹೋಲಿಸಿ ನೋಡಿ ಒಳ್ಳೆಯದನ್ನು ಇಟ್ಟುಕೊಂಡು ಇನ್ನೊಂದನ್ನು ಹತ್ತು ದಿನದೊಳಗೆ ಹಿಂದೆ ಕಳಿಸುವುದು ನನ್ನ ಯೋಜನೆ. (ಇಷ್ಟು ದಿನ ಹೀಗೆ ಮಾಡುವವರನ್ನು ನಾನು ಕೌಂಟರಿನ ಈಚೆಯಿಂದ ಮನಸ್ಸಿನಲ್ಲೇ ಬೈಯುತ್ತಿದ್ದೆ. ಆಚೆ ಬದಿಯ ಸುಖ ಈಗ ತಿಳಿಯಿತು.)

ಬಂದ ದಿನವೇ ಕಪ್ಪನ್ನು ಕಿವಿಗೇರಿಸಿ, ಕಣ್ಣು ಮುಚ್ಚಿ, ಒಂದು ವೀಣೆಯ ಕಛೇರಿ ಹಚ್ಚಿದೆ. ವೀಣೆ ಬಂತು, ಮೃದಂಗ ಬಂತು, ಮೃದಂಗದ ಬೆನ್ನಿಗೆ ಗ್ರೈಂಡರೂ ಮಾಮಿಯೂ ಬಂದರು. ವಿದ್ವಾಂಸರು ಒಂದು ರಾಗದಲ್ಲಿದ್ದರೆ ಮಾಮಿ ಇನ್ನೊಂದರಲ್ಲಿ. ಬೂದನ್ನು ಹಾಕಿ ನೋಡಿದೆ. ಅದರಲ್ಲಿ ಮಾಮಿ ಇನ್ನೂ ಸ್ಪಷ್ಟ. ಅಷ್ಟರಲ್ಲಿ ನನ್ನ ಹೆಂಡತಿ ಸಾತ್ವಿಕಾ ಬಂದು ಭುಜ ತಟ್ಟಿ, ನಿಮ್ಮ ವೀಣೆ ಬಾವಿಕಟ್ಟೆಗೆ ಕೇಳುತ್ತಾ ಉಂಟು, ಕಿವಿಗೆ ಹಾಕಿದ್ದೋ ಊರಿಗೆ ಹಾಕಿದ್ದೋ ಎಂದು ವಿಚಾರಿಸಿದಳು. ಆಗ ಅರ್ಥವಾಯಿತು, ಜಾಲರಿ ಎಂಬುದು ಎರಡೂ ಕಡೆಯಿಂದ ತೆರೆದ ಬಾಗಿಲು. ಕಿವಿ ಮುಚ್ಚಿಕೊಳ್ಳಲೆಂದು ಹೊರಟವನು ಪ್ರಪಂಚದಲ್ಲಿರುವ ನೂರು ಬಗೆಯಲ್ಲಿ ಹುಡುಕಿ ಹುಡುಕಿ ಮುಚ್ಚದಂಥದ್ದನ್ನೇ ಆರಿಸಿದ್ದೆ.

ಆವತ್ತೇ ಎರಡನ್ನೂ ಡಬ್ಬಕ್ಕೆ ಹಾಕಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಮಧ್ಯಾಹ್ನ ಮಾಮಿ ಊಟ ಮಾಡಿ ಮಲಗಿದರು. ಮನೆ ಸ್ತಬ್ಧವಾಯಿತು. ಸುಮ್ಮನೆ ಇನ್ನೊಮ್ಮೆ ಕಪ್ಪನ್ನು ಹಾಕಿಕೊಂಡೆ. ಏನು ಹೇಳಲಿ, ವೀಣೆಯ ತಂತಿಯ ಮೇಲೆ ಬೆರಳು ಜಾರುವಾಗಿನ ಸಣ್ಣ ಸರಕ್ಕು ಕೇಳಿತು. ನುಡಿಸುವವರು ಉಸಿರೆಳೆದದ್ದು ಕೇಳಿತು. ವೀಣೆ ನನ್ನ ಎದುರು ನಾಲ್ಕು ಅಡಿ ದೂರದಲ್ಲಿ, ಮೃದಂಗ ಅದರ ಬಲಕ್ಕೆ, ನಡುವೆ ಖಾಲಿ ಜಾಗ, ಆ ಜಾಗದಲ್ಲಿ ಬೇಕಾದರೆ ನಾನೊಂದು ಚಾಪೆ ಹಾಸಬಹುದಿತ್ತು. ಇಪ್ಪತ್ತೊಂಬತ್ತು ವರ್ಷ ನಾನು ಹಾಡು ಕೇಳಿದ್ದು ಬಸ್ಸಿನ ಸ್ಪೀಕರಿನಲ್ಲಿ ಮಾತ್ರ. ನಿಜವಾಗಿ ಹೇಳುತ್ತೇನೆ, ಕಣ್ಣಲ್ಲಿ ಸ್ವಲ್ಪ ನೀರು ಬಂತು. ಆ ಕ್ಷಣದಿಂದ ನನಗೆ ಮಾಮಿಯಿಂದ ಪಾರಾಗುವುದು ಬೇಡವಾಯಿತು. ಆ ಹೆಡ್‌ಫೋನು ಬೇಕಾಯಿತು. ಎರಡರಲ್ಲಿ ಒಂದಾದರೂ.

ಮುಂದಿನ ದಿನಗಳಲ್ಲಿ ನಾನು ತುಲನಾತ್ಮಕ ಅಧ್ಯಯನಕ್ಕೆ ಇಳಿದೆ. ಒಂದು ನೋಟುಬುಕ್ಕಿನಲ್ಲಿ ಎರಡು ಕಾಲಮ್ ಎಳೆದು ಮಾರ್ಕು ಕೊಡುತ್ತಾ ಹೋದೆ. ಕಪ್ಪಿನದ್ದು ವಿಶಾಲ ಹೃದಯ. ಪ್ರತಿ ವಾದ್ಯಕ್ಕೂ ಬೇರೆ ಬೇರೆ ಜಾಗ ಕೊಡುತ್ತದೆ, ಆದರೆ ತಬಲಾದ ಎಡ, ಅಂದರೆ ಎಡಗೈಯ ದಪ್ಪ ನಾದ, ಸ್ವಲ್ಪ ಊಟ ಬಿಟ್ಟವನ ಹಾಗೆ ಬಡಕಲು. ಬೂದಿನಲ್ಲಿ ಎಡದ ಗುಮುಕು ಗುಂಡಾಗಿದೆ, ಗಾಯಕರ ಸ್ವರ ಬೆಚ್ಚಗಿದೆ, ಆದರೆ ಎಲ್ಲರೂ ಒಂದೇ ಬೆಂಚಿನಲ್ಲಿ ಒತ್ತಿ ಕೂತ ಹಾಗೆ. ಈ ಜ್ಞಾನವನ್ನು ನಾನು ನನ್ನೊಳಗೇ ಇಟ್ಟುಕೊಳ್ಳಬಹುದಿತ್ತು. ಆದರೆ ಜ್ಞಾನ ಎಂಬುದೂ ಓಪನ್ ಬ್ಯಾಕ್ ಜಾತಿಯದ್ದೇ. ಊಟಕ್ಕೆ ಕೂತಾಗ ಸಾರಿನಲ್ಲಿ ‘ಮಧ್ಯಮ ಸ್ತರ’ ಸ್ವಲ್ಪ ಮುಂದೆ ಬಂದಿದೆ ಎಂದೆ. ಪಲ್ಯಕ್ಕೆ ‘ವಿಸ್ತಾರ’ ಸಾಲದು ಎಂದೆ. ಮಾಮಿ ಮಗಳ ಮುಖ ನೋಡಿದರು. ಮಗಳು ನನ್ನ ಮುಖ ನೋಡಿದಳು.

ನಮ್ಮ ಮನೆಯ ಜಗಳ ತುಳುವಿನಲ್ಲಿ ನಡೆಯುತ್ತದೆ. ಕನ್ನಡಕ್ಕೆ ಇಳಿಸುವಾಗ ಅರ್ಧ ಖಾರ ಹೋಗುತ್ತದೆ, ಉಳಿದದ್ದನ್ನು ಕೇಳಿ.

“ನಿಮಗೆ ನಿಜವಾಗಿ ವ್ಯತ್ಯಾಸ ಗೊತ್ತಾಗ್ತದಾ, ಅಲ್ಲ ಸುಮ್ಮನೆ ಹೇಳುದಾ ಮಾರಾಯ್ರೆ?” ಎಂದಳು ಸಾತ್ವಿಕಾ.

ಕಣ್ಣು ಕಟ್ಟಿ ಹಾಕಿದರೂ ಹೇಳುತ್ತೇನೆ ಎಂದೆ. ಇದು ಮಾತಿನ ಭರ. ನನ್ನ ಹೆಂಡತಿ ಬಂಟ್ವಾಳದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು, ಅವಳ ಎದುರು ಇಂಥ ಮಾತನ್ನು ಆಡಬಾರದು ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

“ಆಯ್ತು, ಕಟ್ಟುವ” ಎಂದಳು.

ಕರಾರು ಹೀಗೆ. ಭಾನುವಾರ ಸಂಜೆ ಪರೀಕ್ಷೆ. ಸೋಮವಾರ ಹಿಂದೆ ಕಳಿಸುವ ಕೊನೆಯ ದಿನ. ಸರಿಯಾಗಿ ಗುರುತಿಸಿದರೆ ನನಗೆ ಬೇಕಾದ ಒಂದನ್ನು ಇಟ್ಟುಕೊಳ್ಳಬಹುದು, ಅವಳು ಮುಂದೆ ಚಕಾರ ಎತ್ತುವುದಿಲ್ಲ. ತಪ್ಪಿದರೆ ಎರಡೂ ಹಿಂದಕ್ಕೆ, ಅದೂ ನನ್ನ ಕೈಯಿಂದಲೇ, ನನ್ನ ಕೌಂಟರಿನಲ್ಲೇ, ಇಮ್ತಿಯಾಝ್ ನೋಡುತ್ತಿರುವಾಗ. ನಾನು ಒಪ್ಪಿದೆ. ಶನಿವಾರವಿಡೀ ಅಭ್ಯಾಸ ಮಾಡಿದೆ. ಎಸ್ಸೆಸ್ಸೆಲ್ಸಿಗೂ ನಾನು ಇಷ್ಟು ಓದಿರಲಿಲ್ಲ.

ಭಾನುವಾರ ಚಹಾ ಆದ ಮೇಲೆ ಚಾವಡಿಯ ನಡುವೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ನನ್ನನ್ನು ಕೂರಿಸಿದಳು. ಮೈ ಒರೆಸುವ ಬೈರಾಸಿನಿಂದ ಕಣ್ಣು ಕಟ್ಟಿದಳು. ಮುಟ್ಟಿದ ಅಂದಾಜಿನಲ್ಲಿ ಗುರುತು ಹಿಡಿಯಬಾರದು ಎಂದು ಲ್ಯಾಬಿನಿಂದ ತಂದ ತೆಳು ಟೋಪಿಯನ್ನು ಕಿವಿಯ ಮೇಲೆ ಎಳೆದಳು. ತೂಕದಲ್ಲಿ ಗೊತ್ತಾಗಬಾರದು ಎಂದು ಹೆಡ್‌ಫೋನನ್ನು ಮೇಲಿನಿಂದ ತಾನೇ ಎತ್ತಿ ಹಿಡಿದುಕೊಂಡಳು. ನಾನು ಆಪರೇಷನ್ನಿಗೆ ಕಾದ ರೋಗಿಯ ಹಾಗೆ ಕೈ ಮಡಚಿ ಕೂತೆ.

“ಮೂರು ಸ್ಯಾಂಪಲ್ ಉಂಟು” ಎಂದಳು. ಇರುವುದೇ ಎರಡು ಹೆಡ್‌ಫೋನು, ಮೂರು ಹೇಗೆ ಎಂದು ಕೇಳಿದೆ. ಲ್ಯಾಬಿನಲ್ಲಿ ಹಾಗೆಯೇ, ಸ್ಯಾಂಪಲ್ ಯಾರದ್ದು ಎಂದು ಮಷಿನ್ ಕೇಳುವುದಿಲ್ಲ ಎಂಬ ಉತ್ತರ ಬಂತು.

ಒಂದನೆಯದು ಶುರುವಾದ ಕೂಡಲೇ ತಬಲಾದ ಎಡ ಗುಂಡಗೆ ಬಂದು ಎದೆಗೆ ಬಡಿಯಿತು. ಬೂದು ಎಂದೆ. ಪೆನ್ನಿನ ಶಬ್ದ ಕೇಳಿತು, ಬರೆದುಕೊಂಡಳು. ಎರಡನೆಯದರಲ್ಲಿ ಬೆಂಚು ಮಾಯವಾಗಿ ಎಲ್ಲರೂ ದೂರ ದೂರ ಕೂತಿದ್ದರು. ಕಪ್ಪು ಎಂದೆ. ಮತ್ತೆ ಪೆನ್ನು. ಅವಳ ಕೈ ಕ್ಷಣಕಾಲ ನಿಂತದ್ದರಿಂದಲೇ ನನಗೆ ಗೊತ್ತಾಯಿತು, ಎರಡೂ ಸರಿ. ನಾನು ಕುರ್ಚಿಯಲ್ಲಿ ಸ್ವಲ್ಪ ಉದ್ದವಾದೆ.

ಮೂರನೆಯದನ್ನು ಇಟ್ಟಳು. ಮೊದಲು ಏನೂ ಇಲ್ಲ. ಒಳ್ಳೆಯ ಧ್ವನಿಮುದ್ರಣ ಮೌನದಿಂದಲೇ ಶುರುವಾಗುತ್ತದೆ, ನಾನು ಅವಸರ ಮಾಡಲಿಲ್ಲ. ಆಮೇಲೆ ಒಂದು ಹೆಂಗಸಿನ ಸ್ವರ ಎದ್ದಿತು. ಮೆಲ್ಲಗೆ, ತನ್ನಷ್ಟಕ್ಕೆ ತಾನು ಹಾಡಿಕೊಂಡ ಹಾಗೆ. ಹಿಮ್ಮೇಳವಿಲ್ಲ. ಆಗೀಗ ಒಂದು ಲೋಹದ ತಾಳ, ‘ಟಣ್’ ಎಂದು, ಯಾವ ಲೆಕ್ಕಕ್ಕೂ ಸಿಗದ ಜಾಗದಲ್ಲಿ. ನನಗೆ ರೋಮಾಂಚನವಾಯಿತು.

ನಾನು ವರದಿ ಒಪ್ಪಿಸತೊಡಗಿದೆ. ಗಾಯಕಿ ಇರುವುದು ಎಡಕ್ಕೆ, ಸ್ವಲ್ಪ ಹಿಂದೆ, ಸುಮಾರು ಹನ್ನೆರಡು ಅಡಿ ದೂರದಲ್ಲಿ ಎಂದೆ. ನೆಲದ ಮೇಲೆ ಕೂತು ಹಾಡುತ್ತಿದ್ದಾರೆ, ಸ್ವರ ತಗ್ಗಿನಿಂದ ಬರುತ್ತಿದೆ ಎಂದೆ. ಅವರ ಎದುರೊಂದು ಗೋಡೆ ಇದೆ, ಸ್ವರ ಅದಕ್ಕೆ ತಾಗಿ ತಿರುಗುವುದು ಕೇಳುತ್ತದೆ ಎಂದೆ.

“ಗೋಡೆಗೆ ಯಾವ ಬಣ್ಣ?” ಎಂದಳು ಸಾತ್ವಿಕಾ. ಸ್ವರದಲ್ಲಿ ಏನೋ ನಡುಗುತ್ತಿತ್ತು. ಹೊಟ್ಟೆಕಿಚ್ಚು ಎಂದುಕೊಂಡೆ.

“ನೀನು ಕುಶಾಲು ಮಾಡು. ಅವರು ಈಗ ಮೂಗು ಎಳೆದದ್ದು ಸಹ ನನಗೆ ಕೇಳಿತು. ಇದು ಕಪ್ಪೇ, ಬೂದಿಗೆ ಇಷ್ಟು ಜಾಗ ಇಲ್ಲ. ನಾನು ಕೇಳಿದ ಎಲ್ಲದರಲ್ಲಿ ಇದು ಫಸ್ಟ್. ಹತ್ತಕ್ಕೆ ಒಂಬತ್ತೂವರೆ ಬರಿ.”

“ಅರ್ಧ ಯಾಕೆ ಕಟ್?”

ಸರ್ವಜ್ಞನ ಗತ್ತಿನಲ್ಲಿ ಹೇಳಿದೆ, ಅದು ಹೆಡ್‌ಫೋನಿನ ದೋಷವಲ್ಲ, ಗಾಯಕಿಯದ್ದು, ಪಲ್ಲವಿಗೆ ತಿರುಗುವಲ್ಲಿ ಶ್ರುತಿ ಒಂದು ಕೂದಲಿನಷ್ಟು ಜಾರಿತು.

ಬೈರಾಸು ಬಿಚ್ಚಿಕೊಂಡಿತು. ಮೊದಲು ಕಂಡದ್ದು ಹೆಂಡತಿಯ ಮುಖ, ಕೆಂಪಾಗಿ, ಸೆರಗು ಬಾಯಿಗೆ ತುರುಕಿಕೊಂಡು. ಆಮೇಲೆ ಕಂಡದ್ದು ಹೆಡ್‌ಫೋನಿನ ವಯರು. ಅದು ನನ್ನ ತೊಡೆಯ ಮೇಲಿನಿಂದ ಇಳಿದು ನೆಲದ ಮೇಲೆ ಹಾವಿನ ಹಾಗೆ ಬಿದ್ದಿತ್ತು, ತುದಿಯ ಪಿನ್ನು ಯಾವುದಕ್ಕೂ ಸಿಕ್ಕಿಸಿರಲಿಲ್ಲ. ಮೊಬೈಲು ಮೇಜಿನ ಮೇಲೆ ಪರದೆ ಆರಿಸಿಕೊಂಡು ಮಲಗಿತ್ತು. ಕೊನೆಗೆ, ಎಡಕ್ಕೆ, ಸ್ವಲ್ಪ ಹಿಂದೆ, ಹನ್ನೆರಡು ಅಡಿ ದೂರದಲ್ಲಿ, ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ ಮಾಮಿ ಕಂಡರು. ಹಲಸಿನ ಬೀಜ ಸುಲಿದು ಸ್ಟೀಲಿನ ಪಾತ್ರೆಗೆ ಹಾಕುತ್ತಿದ್ದರು. ಟಣ್.

ಅವರ ಸ್ವರವನ್ನು ನಾನು ಗ್ರೈಂಡರ್ ಇಲ್ಲದೆ ಕೇಳಿದ್ದು ಅದೇ ಮೊದಲು.

“ಅದು ಬ್ಲ್ಯಾಂಕ್” ಎಂದಳು ಸಾತ್ವಿಕಾ, ಉಸಿರು ತಿರುಗಿದ ಮೇಲೆ. “ಲ್ಯಾಬಿನಲ್ಲಿ ಎಲ್ಲ ಬ್ಯಾಚಿಗೂ ಒಂದು ಇಡ್ತೇವೆ. ಬರೀ ನೀರು. ನೀರಿನಲ್ಲಿ ಶುಗರ್ ಉಂಟು ಅಂತ ಮಷಿನ್ ಹೇಳಿದ್ರೆ, ಮಷಿನ್ ಸರಿ ಇಲ್ಲ ಅಂತ. ನೀವು ಏನೂ ಕೇಳುದಿಲ್ಲ ಹೇಳ್ತೀರಿ ಅಂತ ಗ್ರಹಿಸಿದ್ದೆ. ಅಮ್ಮ ಹಾಡ್ಲಿಕ್ಕೆ ಶುರು ಮಾಡಿದ್ದು ಅವರಷ್ಟಕ್ಕೇ.”

ನಾನು ಕಾನೂನಿನ ಮೊರೆ ಹೋದೆ. ಮೊದಲ ಎರಡು ಸರಿ ಇತ್ತೋ ಇಲ್ಲವೋ ಎಂದೆ. ಸರಿ ಇತ್ತು ಎಂದು ಒಪ್ಪಿಕೊಂಡಳು. ಹಾಗಾದರೆ ನಾನು ಗೆದ್ದ ಹಾಗೆಯೇ ಎಂದೆ.

“ಬ್ಲ್ಯಾಂಕಿನಲ್ಲಿ ರಿಸಲ್ಟ್ ಬಂದ್ರೆ ಇಡೀ ಬ್ಯಾಚ್ ಕ್ಯಾನ್ಸಲ್. ಅದು ನಮ್ಮ ರೂಲು. ನಾನು ಮಾಡಿದ್ದಲ್ಲ.”

ನಾನು ಎರಡು ಡಬ್ಬಗಳನ್ನು ನೋಡಿದೆ, ವೀಣೆಯ ಆ ಸಣ್ಣ ಸರಕ್ಕನ್ನು ನೆನೆದುಕೊಂಡೆ. ನಾಳೆ ಇಮ್ತಿಯಾಝ್ ಎದುರು ನಿಂತು ಅವುಗಳ ಮೇಲೆ ನನ್ನ ಕೈಯಾರೆ ‘ಓಪನ್’ ಎಂದೂ ‘ಬ್ಯಾಕ್’ ಎಂದೂ ಬರೆಯಬೇಕಾಗಿದ್ದದ್ದನ್ನೂ ನೆನೆದುಕೊಂಡೆ.

ನಗು ಕೇಳಿ ಮಾಮಿ ಕೈ ಒರೆಸಿಕೊಳ್ಳುತ್ತಾ ಬಂದರು. ಮಗಳು ಒಂದು ಅಕ್ಷರ ಬಿಡದೆ ಎಲ್ಲವನ್ನೂ ಒಪ್ಪಿಸಿದಳು. ಹನ್ನೆರಡು ಅಡಿ, ಗೋಡೆ, ಮೂಗು, ಒಂಬತ್ತೂವರೆ. ಮಾಮಿಯ ಮುಖ ಮದುಮಗಳ ಹಾಗೆ ಅರಳಿತು. ಮುಂಡಾಜೆಯಲ್ಲಿ ಮೂವತ್ತು ವರ್ಷ ಹಾಡಿದ್ದೇನೆ, ಒಬ್ಬನಾದರೂ ಬಾಯಿಬಿಟ್ಟು ಒಳ್ಳೆಯದು ಹೇಳಲಿಲ್ಲ, ಕಣ್ಣು ಕಟ್ಟಿದರೂ ನನ್ನ ಅಳಿಯ ಗುರುತಿಸಿದ ಎಂದರು. (ಗುರುತಿಸಿದ್ದಲ್ಲ ಎಂದು ತಿದ್ದುವಷ್ಟು ಧೈರ್ಯ ನನಗಿರಲಿಲ್ಲ.) ಅವರ ಸಂತೋಷ ನೋಡಿ ನನಗೂ ಒಂದು ಘಳಿಗೆ ಹೆಡ್‌ಫೋನು ಮರೆತುಹೋಯಿತು. ಆಮೇಲೆ ಮಗಳು ಪಲ್ಲವಿಯ ವಿಷಯವನ್ನೂ ಹೇಳಿದಳು. ಮಾಮಿ ನಗು ನಿಲ್ಲಿಸಿ ನನ್ನನ್ನು ಒಮ್ಮೆ ನೋಡಿದರು.

ಆ ನೋಟಕ್ಕೆ ಗಾಬರಿಯಾಗಿ, ಮಾತು ಬದಲಿಸಬೇಕೆಂದು, ಹಿಂದೆಮುಂದೆ ನೋಡದೆ, ಯಾವ ಅಳಿಯನೂ ಯಾವ ಅತ್ತೆಯನ್ನೂ ಕೇಳಬಾರದ ಪ್ರಶ್ನೆಯನ್ನು ಕೇಳಿಬಿಟ್ಟೆ.

“ಮಾಮಿ, ಇನ್ನು ಎಷ್ಟು ದಿನ ಇರ್ತೀರಿ ಇಲ್ಲಿ?”

“ಆ ಅರ್ಧ ಮಾರ್ಕು ಸಿಗುವವರೆಗೆ” ಎಂದರು ಮಾಮಿ.