ಮುರಿಗೆಪ್ಪನ ಉಸಿರು, ಕೆಳಗಿನ ಖೋಲಿ

ಇವತ್ತು ಬೆಳಿಗ್ಗೆ ಮುರಿಗೆಪ್ಪನ ತಲೆ ತಿರುಗಲೇಬೇಕಾಗಿತ್ತು. ಅದೂ ಚನ್ನಬಸಯ್ಯನವರ ಕಣ್ಣೆದುರಿಗೇ.

ವಡಾಲದ ಆ ಬಾಡಿಗೆ ಚಾಳಿನಲ್ಲಿ ನಲ್ಲಿ ಇದ್ದದ್ದು ಕೆಳಗೆ, ಮುರಿಗೆಪ್ಪನ ಒಂಟಿ ಕೋಣೆಯ ಖೋಲಿ ಮೂರನೆಯ ಮಾಳಿಗೆಯಲ್ಲಿ. ದಿನಾ ಎರಡು ಕೈಗೆ ಎರಡು ತಾಮ್ರದ ಕೊಡ ಹಿಡಿದು ಹತ್ತುತ್ತಿದ್ದ. ಎರಡನೆಯ ಮಾಳಿಗೆ ಮುಟ್ಟುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿದು ಗೋಡೆ ಹಿಡಿಯುತ್ತಿದ್ದ. ವಿಜಾಪುರದ ಕಡೆ ಗುಂಡುಕಲ್ಲು ಎತ್ತಿ ಹೆಸರು ಮಾಡಿದ್ದ ಅವನ ಅಜ್ಜ, "ಭಾರ ಎತ್ತೂಮುಂದ ಉಸಿರು ಬಿಗಿ ಹಿಡಿ. ಬಿಟ್ಟರ ಬಲಾ ಸೋರಿ ಹೋಗತೈತಿ" ಎಂದು ಕಲಿಸಿದ್ದ. ಅಜ್ಜ ಕಲ್ಲೆತ್ತಿ ಒಂದೇ ಗಳಿಗೆಯಲ್ಲಿ ಹಿಂದಕ್ಕೆ ಒಗೆಯುತ್ತಿದ್ದ. ಮೊಮ್ಮಗ ಅದೇ ಉಸಿರಿನಲ್ಲಿ ಮಾಳಿಗೆ ಹತ್ತಲು ಹೋಗುತ್ತಿದ್ದ.

ಈಗ ನಲ್ಲಿಯ ಪಕ್ಕದ ಖೋಲಿ ಖಾಲಿಯಾಗಿತ್ತು. ಮುರಿಗೆಪ್ಪನ ಹೆಂಡತಿ ನಾಗವ್ವ, ಚಾಳಿನ ವಹಿವಾಟು ನೋಡುವ ಚನ್ನಬಸಯ್ಯನವರ ಬೆನ್ನು ಬಿದ್ದಿದ್ದಳು. "ನೀರು ಹೊತ್ತರ ನಮ್ಮ ಮನಿಯವ್ರಿಗೆ ಚಕ್ಕರ್ ಬರತೈತ್ರಿ. ಆ ಖೋಲಿ ನಮಗ ಕೊಡ್ರಿ."

"ನಾಳೆ ಬಂದು ಕಣ್ಣಾರೆ ನೋಡ್ತೀನಿ. ಖರೇ ಇದ್ರ ಖೋಲಿ ನಿಮ್ದ" ಎಂದು ನಿನ್ನೆ ಹೇಳಿದ್ದರು ಅವರು.

"ನಾಟಕ ಬ್ಯಾಡ, ದಿನಾ ಹತ್ತಿದಂಗ ಹತ್ರಿ" ಎಂದು ನಾಗವ್ವ ಬೆಳಿಗ್ಗೆ ಬುದ್ಧಿ ಹೇಳಿದಳು. "ಆದ್ರ ನನ್ನ ತವರಿನ ಕೊಡ ನೆಗ್ಗಿದ್ರ ನೋಡ್ರಿ!"

ಚನ್ನಬಸಯ್ಯನವರು ಬರುವುದಕ್ಕೆ ಮೊದಲಿನ ಸರದಿಯಲ್ಲಿ ತಲೆ ಚೆನ್ನಾಗಿಯೇ ತಿರುಗಿತು. ಮುರಿಗೆಪ್ಪ ಗೋಡೆಗೆ ಒರಗಿ ಸಂತೋಷಪಡುತ್ತಿದ್ದಾಗ ಎರಡನೆಯ ಮಾಳಿಗೆಯ ಕಸ್ತೂರಿಬಾಯಿ ನೋಡಿ, "ಅಯ್ಯ, ಮುರಿಗೆಪ್ಪ ಬಿದ್ದ!" ಎಂದು ಕೂಗಿದಳು. ಹೋಟೆಲಿನ ಕೊರಗಪ್ಪ ಓಡಿಬಂದು, "ಸ್ವಲ್ಪ ಮೂಸಿ ಮಾರಾಯ್ರೆ" ಎಂದು ಒಡೆದ ಈರುಳ್ಳಿಯನ್ನು ಮೂಗಿಗೆ ತುರುಕಿದ. ಉಳಿದವರು "ಗಾಳಿ ಬಿಡ್ರಿ, ಗಾಳಿ ಬಿಡ್ರಿ" ಎನ್ನುತ್ತ ಇದ್ದ ಗಾಳಿಗೂ ಅಡ್ಡ ನಿಂತರು.

ಅವರನ್ನೆಲ್ಲ ಸರಿಸಿ ಮುಂದೆ ಬಂದವನು ಮೂರನೆಯ ಮಾಳಿಗೆಯಲ್ಲಿ ಮುರಿಗೆಪ್ಪನ ಪಕ್ಕದ ಖೋಲಿಯ ಮರೆಪ್ಪ. ಒಂದು ಕಾಲಕ್ಕೆ ಬೈಕುಲ್ಲಾದ ತಾಲೀಮಿನಲ್ಲಿ ಕುಸ್ತಿ ಕಲಿಸುವ ವಸ್ತಾದನಾಗಿದ್ದವ. ಈಗ ಅವನ ಎದೆಯೆಲ್ಲ ಇಳಿದು ಹೊಟ್ಟೆಯಾಗಿತ್ತು.

"ಉಸಿರು ಹಿಡದು ಎತ್ತತೀಯಲ್ಲೋ ಹುಚ್ಚಪ್ಪಾ, ತಲಿ ತಿರಗದ ಏನಾದೀತು? ಎತ್ತೂಮುಂದ ಬಾಯಿಲೆ ಬಿಡು. ಮೆಟ್ಲ ಹತ್ತೂಮುಂದ ಎಳಕೋ, ಬಿಡು, ಎಳಕೋ, ಬಿಡು. ಎಲ್ಲೂ ಬಿಗಿ ಹಿಡೀಬ್ಯಾಡ."

"ಇವತ್ತೊಂದಿನ ಬ್ಯಾಡ ವಸ್ತಾದ, ನಾಳೆ ಕಲಿಸು" ಎಂದು ಮುರಿಗೆಪ್ಪ ಅಂಗಲಾಚಿದ.

"ಜೀವದ ಮಾತಿಗೆ ನಾಳೆ ಅಂತಾರೇನೋ?"

"ಒಡಹುಟ್ಟಿದವರೂ ಇಷ್ಟು ಕಾಳಜಿ ಮಾಡಂಗಿಲ್ಲ ಬಿಡ್ರಿ" ಎಂದು ಕಸ್ತೂರಿಬಾಯಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಧೋತರದ ಚುಂಗು ಎತ್ತಿಕೊಂಡು ಚನ್ನಬಸಯ್ಯನವರು ಬಂದೇಬಿಟ್ಟರು. ಮುರಿಗೆಪ್ಪ ಕೆಳಗಿಳಿದು, ಅಜ್ಜನನ್ನು ನೆನೆದು, ಉಸಿರು ಬಿಗಿಹಿಡಿದು, ಯಾರೋ ಕೆಳಗೆ ತಂದಿಟ್ಟಿದ್ದ ಕೊಡಗಳಿಗೆ ಕೈ ಹಾಕಿದ.

"ಬಿಡೋ!" ಎಂದು ಬೆನ್ನ ಹಿಂದೆ ಮರೆಪ್ಪ ಗರ್ಜಿಸಿದ. ಹೆದರಿಕೆಗೆ ಉಸಿರು ಭುಸ್ ಎಂದು ಹೊರಬಿತ್ತು, ಕೊಡಗಳು ಹೂವಿನ ಹಾಗೆ ಮೇಲೆದ್ದವು. "ಎಳಕೋ! ಬಿಡು!" ಎಂದು ಇಡೀ ಚಾಳು ಕೂಗುತ್ತ ಹಿಂದೆ ಹತ್ತಿತು. ಎರಡನೆಯ ಮಾಳಿಗೆ ದಾಟಿತು. ಅವನ ತಲೆಯೋ, ತೊಳೆದಿಟ್ಟ ಗಂಗಾಳದಷ್ಟು ನಿಚ್ಚಳವಾಗಿತ್ತು. ಸುಳ್ಳೇ ಬಿದ್ದುಬಿಡಲೇ ಎಂದುಕೊಂಡ. ಕೈಯಲ್ಲಿ ನಾಗವ್ವನ ತವರಿನ ಕೊಡ! ಹತ್ತುತ್ತಲೇ ಹೋದ. ಒಂದು ಹನಿ ಚೆಲ್ಲದೆ ಮೂರನೆಯ ಮಾಳಿಗೆ ಮುಟ್ಟಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾಗವ್ವ ಮಾತ್ರ ಹಣೆ ಚಚ್ಚಿಕೊಂಡು ಒಳಗೆ ಹೋದಳು.

"ಶಾಬಾಸ್! ಎತ್ತಿನಂಥಾ ಆಳು" ಎಂದರು ಚನ್ನಬಸಯ್ಯನವರು. "ಹಂಗಾರ ಕೆಳಗಿನ ಖೋಲಿ ಮರೆಪ್ಪಗ ಕೊಡೋದ ಛಲೋ. ಅವನೂ ಹೋದ ಅಮಾಸಿಯಿಂದ ಕೇಳಾಕತ್ಯಾನ. ಪಾಪ, ವಯಸ್ಸಾತು, ಅವಗೂ ಚಕ್ಕರ್ ಬರತೈತಂತ."

ಮರೆಪ್ಪ ಕೂಡಲೇ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಮೆಲ್ಲಗೆ ಕೂತ.

ಮುರಿಗೆಪ್ಪನಿಗೆ ಬರಿಗೈಯಲ್ಲೇ ಇಡೀ ಚಾಳು ಗಿರ್ರನೆ ತಿರುಗಿತು. "ಸಾಹೇಬ್ರ, ಬಂತ್ರಿ! ಈಗ ಬಂತ್ ನೋಡ್ರಿ!" ಎನ್ನುತ್ತ ಗೋಡೆ ಹಿಡಿದು ಕುಸಿದ. ಚನ್ನಬಸಯ್ಯನವರು ಆಗಲೇ ಕೆಳಗಿಳಿದು ಗೇಟು ದಾಟಿದ್ದರು.

ಮರೆಪ್ಪ ತಲೆಯಿಂದ ಒಂದು ಕೈ ತೆಗೆದು ಅವನ ಬೆನ್ನು ಸವರಿದ. "ಉಸಿರು ಬಿಡೋ ತಮ್ಮಾ" ಎಂದ, "ಬಿಗಿ ಹಿಡೀಬ್ಯಾಡ."