ಕೆಂಪುಕಲ್ಲಿನ ಗೋಡೆ ಮತ್ತು ಎರಡು ಬಿಳಿ ಡಬ್ಬಿ

ನಮ್ಮ ಮನೆಗೆ ಬರುವ ಯಾವ ಹೊಸ ಸಾಮಾನೂ ಕಂಪನಿಯವರು ಹೇಳಿದ ಹಾಗೆ ಕೆಲಸ ಮಾಡುವುದಿಲ್ಲ, ಮನೆಯವರು ಹೇಳಿದ ಹಾಗೆ ಮಾಡುತ್ತದೆ. ಮಿಕ್ಸಿಯ ಕಥೆ ಹಾಗೇ ಆಯಿತು, ವಾಷಿಂಗ್ ಮೆಷಿನ್ನಿನದ್ದೂ. ಈ ಸಲ ವೈಫೈಯ ಸರದಿ.

ಚಾವಡಿಯ ಕ್ಲಾಸು

ಉಪ್ಪಳದ ಹತ್ತಿರ ನಮ್ಮ ಮನೆ. ಅಲ್ಲಿ ಕೂತು ಗಲ್ಫಿನ ಮಕ್ಕಳಿಗೆ ಆನ್‌ಲೈನಿನಲ್ಲಿ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ನಾಲ್ಕು ಜನರ ಎದುರು ನನಗೆ ಸ್ವರವೇ ಹೊರಡುವುದಿಲ್ಲ. ಪರದೆಯ ಎದುರಾದರೆ ತೊಂದರೆಯಿಲ್ಲ ಎಂದು ಇದನ್ನು ಹಿಡಿದೆ. ಆದರೆ ಸಿಗ್ನಲ್ ಸಿಗುವುದು ಮೋಡೆಮ್ ಇರುವ ಚಾವಡಿಯಲ್ಲಿ ಮಾತ್ರ. ಮನೆಯ ಅಷ್ಟೂ ಜನ ಕೂರುವುದೂ ಅಲ್ಲಿಯೇ.

ಶಾರ್ಜಾದ ಆರು ವರ್ಷದ ಹುಡುಗಿಯೊಬ್ಬಳಿಗೆ ಪಾಠ ಮಾಡುತ್ತಿದ್ದೆ. ಹಿಂದಿನಿಂದ ಅಜ್ಜಿ, "ಆ ಮಗು ಯಾಕೆ ಅಷ್ಟು ಸಪೂರ? ತಿಂಡಿ ಆಯ್ತಾ ಕೇಳು" ಎಂದರು. ಕೇಳಿದೆ. ಆಗಿದೆ ಎಂದಳು.

"ಎಂತ ತಿಂಡಿ, ಕೇಳು."

ಕೇಳಿದೆ. ಬ್ರೆಡ್ ಎಂದಳು. ಅಜ್ಜಿ ಕುರ್ಚಿ ಎಳೆದು ನನ್ನ ಪಕ್ಕದಲ್ಲೇ ಕೂತರು.

ಮರುದಿನ ಎರಡು ಮೆಸೇಜು ಬಂತು. ಒಂದು ನನ್ನ ಸೂಪರ್‌ವೈಸರರದ್ದು: ಕ್ಲಾಸಿನಲ್ಲಿ ಮನೆಯವರ ಸ್ವರ ಕೇಳಬಾರದು, ತಿಂಗಳ ಕೊನೆಗೆ ತಾವೇ ಕೂತು ನನ್ನ ಕ್ಲಾಸು ನೋಡುತ್ತಾರೆ, ಆಗಲೂ ಹೀಗೆ ಆದರೆ ಕೆಲಸ ಇಲ್ಲ. ಇನ್ನೊಂದು ಆ ಹುಡುಗಿಯ ಅಮ್ಮನದ್ದು: "ನಾಳೆ ಟೀಚರಿಗೆ ರಜೆ ಬೇಕಾದರೆ ತೊಂದರೆಯಿಲ್ಲ, ಅಜ್ಜಿ ಇದ್ದರೆ ಸಾಕು."

ಗೋಡೆಯ ಮರ್ಯಾದೆ

ಮಹಡಿಯ ಮೇಲೆ ನನ್ನದೊಂದು ಕೋಣೆ ಉಂಟು, ಬಾಗಿಲು ಹಾಕಿದರೆ ಅಜ್ಜಿಯ ಸ್ವರವೂ ಬರುವುದಿಲ್ಲ. ವೈಫೈಯೂ ಬರುವುದಿಲ್ಲ. ನಡುವೆ ಕೆಂಪುಕಲ್ಲಿನ ದಪ್ಪ ಗೋಡೆಗಳು.

ದೊಡ್ಡಪ್ಪನಿಗೆ ವಿವರಿಸಿದೆ. "ಈ ಗೋಡೆಯಿಂದಾಗಿ ಸಿಗ್ನಲ್ ಒಳಗೆ ಬರುವುದಿಲ್ಲ, ದೊಡ್ಡಪ್ಪ."

ಅವರ ಮುಖ ಅರಳಿತು. ಎದ್ದು ಹೋಗಿ ಗೋಡೆಗೆ ಎರಡು ಪೆಟ್ಟು ಕೊಟ್ಟರು. "ನೋಡು! ಅಪ್ಪ ಕಟ್ಟಿಸಿದ್ದು. ಈಗಿನವರು ಕಟ್ಟಿದ ಮನೆಯಲ್ಲಿ ಎಲ್ಲಿ ಬೇಕಾದರಲ್ಲಿ ವೈಫೈ ಬರ್ತದೆ, ಥೂ."

ಆ ವಾರ ಮನೆಗೆ ಬಂದವರಿಗೆಲ್ಲ ನಾನು ಫೋನು ಹಿಡಿದು ಮಹಡಿಗೆ ಹೋಗಿ, ಅಲ್ಲಿ ಸಿಗ್ನಲ್ ಇಲ್ಲ ಎಂದು ತೋರಿಸಿ ಬರಬೇಕಾಯಿತು.

ಆಯ್ಕೆ

ನಾನು ಹತ್ತು ದಿನ ಓದಿದೆ. ಮೆಶ್ ಎಂದರೆ ಒಂದೇ ಹೆಸರಿನ ವೈಫೈಯನ್ನು ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ದಾಟಿಸುತ್ತ ಮನೆಯಿಡೀ ಹರಡುವ ಏರ್ಪಾಡು. ಮೂರು ಡಬ್ಬಿಯ ಸೆಟ್ಟು ನಮಗೆ ದುಬಾರಿ, ಎರಡರದ್ದು ಕೈಗೆಟಕುತ್ತದೆ. ಯಾವ ಬ್ಯಾಂಡು, ಎಷ್ಟು ವೇಗ ಎಂದೆಲ್ಲ ಪಟ್ಟಿ ಮಾಡಿಕೊಂಡೆ.

ಅಬುಧಾಬಿಯ ಮಾವ ವಿಡಿಯೋ ಕಾಲಿನಲ್ಲಿ, "ಅಲ್ಲಿ ತಗೊಳ್ಳಬೇಡ ಮಾರಾಯ್ತಿ! ಇಲ್ಲಿ ಅರ್ಧ ರೇಟು, ಬರುವಾಗ ತರ್ತೇನೆ" ಎಂದರು.

"ಯಾವಾಗ ಬರ್ತೀರಿ, ಮಾವ?"

"ಮುಂದಿನ ವರ್ಷ."

ಕೊನೆಗೆ ಅಮ್ಮನ ಜೊತೆ ಉಪ್ಪಳದ ಅಂಗಡಿಗೆ ಹೋದೆ. ದಾರಿಯಿಡೀ ಅಭ್ಯಾಸ ಮಾಡಿದ ಪ್ರಶ್ನೆಗಳನ್ನು ಅಂಗಡಿಯವರ ಎದುರು ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದೆ. ಅವರು ಪೂರ್ತಿ ಕೇಳಿ, ಅಮ್ಮನ ಕಡೆ ತಿರುಗಿ, "ಅಕ್ಕಾ, ನಿಮ್ಮ ಗೋಡೆಗೆ ಎಂತ ಬಣ್ಣ?" ಎಂದರು.

"ಬಿಳಿ."

"ಹಾಗಾದರೆ ಇದೇ ಆಗಬಹುದು." ಎರಡು ಬಿಳಿ ಡಬ್ಬಿ ಮೇಜಿನ ಮೇಲೆ ಬಂತು. ನನ್ನ ಪಟ್ಟಿಯ ಮೊದಲ ಹೆಸರೂ ಅದೇ ಆಗಿತ್ತು. ಹತ್ತು ದಿನ ಓದಿದ ನನಗೆ ಅಳು ಬಂತು.

ಮನೆಯ ನಡು

ಒಂದು ಡಬ್ಬಿ ಚಾವಡಿಯಲ್ಲಿ. ಎರಡನೆಯದನ್ನು ಮನೆಯ ನಡುವೆ ಇಡಬೇಕು ಎಂದು ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿತ್ತು. ದೊಡ್ಡಪ್ಪ ಹಗ್ಗ ಹಿಡಿದು ಅಳೆದರು. ನಡು ಬಂದದ್ದು ದೈವದ ಕೋಣೆಯಲ್ಲಿ.

ಅಲ್ಲಿಗೆ ಸ್ನಾನ ಮಾಡಿ ದೀಪ ಇಡುವ ದೊಡ್ಡಪ್ಪನ ಹೊರತು ಯಾರೂ ಹೋಗುವುದಿಲ್ಲ. "ಬೇಡ, ದೊಡ್ಡಪ್ಪ" ಎಂದೆ. ನನ್ನ ಸ್ವರ ಎಂದಿನಂತೆ ನನಗೇ ಕೇಳಲಿಲ್ಲ.

"ಕರೆಂಟು ಹೋದರೂ ಅಲ್ಲಿನ ಬಲ್ಬು ನಂದಬಾರದು ಅಂತ ಇನ್ವರ್ಟರ್ ಲೈನ್ ಕೊಟ್ಟಿದ್ದೇವೆ. ಪ್ಲಗ್ಗೂ ಉಂಟು. ಇದಕ್ಕಿಂತ ಒಳ್ಳೆ ಜಾಗ ಎಲ್ಲುಂಟು, ಮಗಾ?" ದೊಡ್ಡಪ್ಪ ದೈವಕ್ಕೆ ಕೈಮುಗಿದು ಕೇಳಿಕೊಂಡು, ಬಾಗಿಲ ಪಕ್ಕದಲ್ಲಿ ಡಬ್ಬಿ ಇಟ್ಟರು. ಮಹಡಿಯ ನನ್ನ ಕೋಣೆಗೆ ಸಿಗ್ನಲ್ ಪೂರ್ತಿ ಬಂತು. ಒಂದು ವಾರ ನನ್ನ ಕ್ಲಾಸಿನಲ್ಲಿ ನನ್ನದೊಂದೇ ಸ್ವರ.

ತಿಂಗಳ ಕೊನೆ. ಸಂಜೆ ನಾಲ್ಕಕ್ಕೆ ಕ್ಲಾಸು, ಸೂಪರ್‌ವೈಸರ್ ಕೂತು ನೋಡುತ್ತಿದ್ದಾರೆ. ಹತ್ತು ನಿಮಿಷ ಚೆನ್ನಾಗಿ ನಡೆದು ಪರದೆ ಸ್ತಬ್ಧವಾಯಿತು. ಓಡಿ ಕೆಳಗೆ ಬಂದು ದೈವದ ಕೋಣೆಗೆ ಇಣುಕಿದರೆ ನಡುವಿನ ಡಬ್ಬಿಯಲ್ಲಿ ಕೆಂಪು ದೀಪ. ಚಾವಡಿಯಲ್ಲಿ ನೆಟ್ ಉಂಟು, ಅಜ್ಜಿಯೂ ಇದ್ದಾರೆ. ಪ್ಲಗ್ ತೆಗೆದು ಹಾಕಿದರೆ ಸರಿ. ಆದರೆ ದೊಡ್ಡಪ್ಪ ಆಗಷ್ಟೇ ಪೇಟೆಯಿಂದ ಬಂದು ಅಂಗಳದಲ್ಲಿ ನಿಂತಿದ್ದರು, ಕೈಯಲ್ಲಿ ಬಂಗುಡೆ ಮೀನಿನ ಪ್ಲಾಸ್ಟಿಕ್ ತೊಟ್ಟೆ.

"ದೊಡ್ಡಪ್ಪ, ನೆಟ್ ಹೋಯ್ತು!"

"ಮೀನು ಮುಟ್ಟಿದ ಕೈ, ಮಗಾ. ಸ್ನಾನ ಆಗಬೇಕಲ್ಲ." ಅವರಿಗೆ ತಣ್ಣೀರು ಆಗುವುದಿಲ್ಲ. ಹಂಡೆಯ ಒಲೆಗೆ ಒಣ ತೆಂಗಿನ ಮಡಲು ತುರುಕಿ ಬೆಂಕಿ ಹಾಕಿದರು.

ಸೂಪರ್‌ವೈಸರರ ಫೋನು ಬಂತು. "ಎಂತಾಯ್ತು? ನೆಟ್ ಸರಿಮಾಡಲು ಏನು ಮಾಡುತ್ತಿದ್ದೀರಿ?"

ಗಾಬರಿಯಲ್ಲಿ ನನಗೆ ಸುಳ್ಳು ಹೊಳೆಯುವುದಿಲ್ಲ. "ಸರ್, ನೀರು ಕಾಯ್ತಾ ಉಂಟು."

"ರೂಟರಿಗೆ ನೀರಾ?"

"ಅಲ್ಲ ಸರ್, ದೊಡ್ಡಪ್ಪನಿಗೆ." ಮತ್ತೆ ಡಬ್ಬಿ, ದೈವದ ಕೋಣೆ, ಬಂಗುಡೆ ಎಲ್ಲ ಹೇಳಿಬಿಟ್ಟೆ. ಜೀವನದಲ್ಲಿ ಒಬ್ಬರ ಹತ್ತಿರ ನಾನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಕೆಲಸ ಹೋಯಿತು ಎಂದುಕೊಂಡೆ.

ಎಲ್ಲ ಕೇಳಿಸಿಕೊಂಡು ಅವರು ಕೇಳಿದರು. "ದೊಡ್ಡಪ್ಪ ದಿನಾ ಎಷ್ಟು ಗಂಟೆಗೆ ಸ್ನಾನ ಮಾಡುವುದು?"

"ಸಂಜೆ ಆರಕ್ಕೆ ಸರ್, ದೀಪ ಇಡುವ ಮೊದಲು."

"ನೀವು ಕಲಿಸಿದ್ದು ಚೆನ್ನಾಗಿತ್ತು. ಕೆಲಸ ಖಾಯಂ. ನಾಳೆಯಿಂದ ನಿಮ್ಮ ಕ್ಲಾಸು ಆರೂವರೆಗೆ. ಸ್ನಾನ ಆದ ಮೇಲೆ ಅವರನ್ನು ಮೀನು ಮುಟ್ಟಲು ಬಿಡಬೇಡಿ."